ಮರೆತ ಆಟದ ಜಾಡು

ಎಂದೋ ಕೇಳಿದ ಹಾಡಿನ ತುಣುಕೊಂದು ನಾಲಿಗೆಯ ತುದಿಯಲ್ಲಿ ಸುಳಿಯುತ್ತಿರುತ್ತದೆ. ಹಾಡು ಯಾವುದೆಂಬುದು ಮಾತ್ರ ಹೊಳೆಯುವುದಿಲ್ಲ. ಚಿಕ್ಕಂದಿನಲ್ಲಿ ನೋಡಿದ ಪುಸ್ತಕದ ಒಂದು ಚಿತ್ರ ಕಣ್ಣಿಗೆ ಕಟ್ಟಿದಂತಿರುತ್ತದೆ. ಪುಸ್ತಕದ ಹೆಸರು ಅಳಿಸಿಹೋಗಿರುತ್ತದೆ. ಈ ಅನುಭವ ಆಗದವರು ವಿರಳ. ಪುಸ್ತಕವಾದರೆ ಪುಸ್ತಕಭಂಡಾರದಲ್ಲಿ ಅರಸಬಹುದು. ಹಾಡಾದರೆ ಹಿರಿಯರ ಮುಂದೆ ಗುನುಗಿ ಕೇಳಬಹುದು. ಆದರೆ ಕಳೆದುಹೋದ ವಸ್ತುವು ಶಾಲೆಯ ಗಣಕಯಂತ್ರದಲ್ಲಿ ಆಡಿದ ಪಾಠದ ಆಟವೊಂದಾದರೆ ಏನು ಮಾಡಬೇಕು? ಹೆಸರು ತಿಳಿಯದು, ಮಾಡಿದವರು ಯಾರೆಂದು ತಿಳಿಯದು, ಆಡಿದ ಯಂತ್ರವೂ ಇಂದು ಇಲ್ಲ. ಇಂತಹುದನ್ನು ಹುಡುಕಿ ತೆಗೆಯುವುದು ಸಾಧ್ಯವೆ?

ಸಾಧ್ಯವುಂಟು. ಆದರೆ ಅದಕ್ಕೆ ಕೇವಲ ಹಂಬಲ ಸಾಲದು, ಕ್ರಮವೂ ಬೇಕು. ಆ ಕ್ರಮವನ್ನು ನಾವು ಒಂದು ನಿಜವಾದ ಆಟವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಪರಿಶೀಲಿಸೋಣ. ಹುಡುಕುವವರು ಮಾತ್ರ ಕಲ್ಪಿತರು.

ಅಮೆರಿಕ ಸಂಯುಕ್ತ ಸಂಸ್ಥಾನದ ಮಿನೆಸೋಟ ರಾಜ್ಯದಲ್ಲಿ ಬೆಳೆದ ಅಕ್ಕ ತಮ್ಮಂದಿರಿಬ್ಬರನ್ನು ಊಹಿಸಿಕೊಳ್ಳೋಣ. ಅಕ್ಕ ೧೯೭೭ರ ಸುಮಾರಿಗೆ ಶಾಲೆಯಲ್ಲಿದ್ದವಳು. ತಮ್ಮ ೧೯೮೬ರ ಸುಮಾರಿಗೆ. ಇಬ್ಬರಿಗೂ ಒಂದು ಆಟ ಅರೆಬರೆಯಾಗಿ ನೆನಪಿದೆ. ಎತ್ತುಗಳು ಎಳೆಯುವ ಗಾಡಿಯಲ್ಲಿ ಪಶ್ಚಿಮ ದಿಕ್ಕಿಗೆ ದೀರ್ಘಪ್ರಯಾಣ. ದಾರಿಯಲ್ಲಿ ಹಸಿವು, ರೋಗ, ಬೇಟೆ, ತುಂಬಿ ಹರಿಯುವ ನದಿ. ಇಷ್ಟರಲ್ಲಿ ಇಬ್ಬರಿಗೂ ಒಮ್ಮತ. ಮುಂದೆ ಜಗಳ. ಆಟಕ್ಕೆ ಪರದೆಯೇ ಇರಲಿಲ್ಲ, ಎಲ್ಲವೂ ಕಾಗದದ ಸುರುಳಿಯ ಮೇಲೆ ಟಕಟಕನೆ ಅಚ್ಚಾಗುತ್ತಿತ್ತು, ಬೇಟೆಯಾಡಲು ಒಂದು ಪದವನ್ನು ತಪ್ಪಿಲ್ಲದೆ ಬೇಗನೆ ಒತ್ತಬೇಕಾಗಿತ್ತು ಎಂದು ಅಕ್ಕ ಹೇಳುತ್ತಾಳೆ. 'ಏಳುನೂರು' ಎಂಬ ಒಂದು ಸಂಖ್ಯೆಯೂ ಅವಳ ತಲೆಯಲ್ಲಿ ಉಳಿದಿದೆ. ಪರದೆ ಇತ್ತು, ಅದು ಹಸಿರಾಗಿತ್ತು, ಬೇಟೆಗಾರನ ಬೊಂಬೆಯನ್ನು ನಾವೇ ನಡೆಸುತ್ತಿದ್ದೆವು, ಗಾಡಿಯವರಿಗೆ ಗೆಳೆಯರ ಹೆಸರನ್ನಿಟ್ಟಿದ್ದೆವು, ಸತ್ತವನಿಗೆ ಸಮಾಧಿ ಕಟ್ಟಿ ಅದರ ಮೇಲೆ ಬರೆದಿದ್ದೆವು, ಸಾವಿನ ಸುದ್ದಿಯನ್ನು ಯಂತ್ರವೇ ಗಟ್ಟಿಯಾಗಿ ಓದಿ ಹೇಳಿತು ಎಂದು ತಮ್ಮ ಹೇಳುತ್ತಾನೆ. ಒಬ್ಬರ ಮಾತು ನಿಜವಾದರೆ ಇನ್ನೊಬ್ಬರದು ಸುಳ್ಳಲ್ಲವೆ? ಅವಸರದಿಂದ ತೀರ್ಪು ಕೊಡುವುದು ಬೇಡ.

ನೆನಪೆಂಬ ಸಾಕ್ಷಿ

ನೆನಪು ಎಂದರೆ ಪೆಟ್ಟಿಗೆಯಲ್ಲಿಟ್ಟ ಭಾವಚಿತ್ರದಂತೆ, ಬೇಕೆಂದಾಗ ತೆರೆದು ನೋಡಬಹುದು ಎಂದು ಸಾಮಾನ್ಯವಾಗಿ ಜನ ತಿಳಿಯುತ್ತಾರೆ. ಮನೋವಿಜ್ಞಾನ ಇದನ್ನು ಒಪ್ಪುವುದಿಲ್ಲ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ ಎಂಬ ವಿಜ್ಞಾನಿ ೧೯೩೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರಯೋಗವನ್ನು ವಿವರಿಸಿದ್ದಾನೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ಕೆಲಕಾಲದ ಅನಂತರ ನೆನಪಿನಿಂದ ಬರೆಯಲು ಹೇಳಿದನು. ಕಥೆ ಚಿಕ್ಕದಾಗುತ್ತ ಬಂತು. ಅಷ್ಟೇ ಅಲ್ಲ, ಅಪರಿಚಿತವಾದದ್ದು ಪರಿಚಿತವಾಗಿ ಮಾರ್ಪಟ್ಟಿತು. ಆ ಜನರ ಕಿರಿದೋಣಿ ಬರಿಯ 'ದೋಣಿ' ಆಯಿತು. ಸೀಲ್ ಪ್ರಾಣಿಯ ಬೇಟೆ ಮೀನುಗಾರಿಕೆಯಾಯಿತು. ಉಳಿದ ತುಣುಕುಗಳ ನಡುವಣ ಬಿರುಕನ್ನು ಮನಸ್ಸು ತನಗೆ ಒಗ್ಗಿದ ಗಾರೆಯಿಂದ ಮುಚ್ಚಿಕೊಳ್ಳುತ್ತದೆ. ಗಾರೆ ಯಾವುದು, ಮೂಲದ ಕಲ್ಲು ಯಾವುದು ಎಂಬುದು ನೆನಪಿಸಿಕೊಳ್ಳುವವನಿಗೇ ತಿಳಿಯುವುದಿಲ್ಲ.

ಹೊರಗಿನವರ ಮಾತೂ ಈ ಗಾರೆಯಲ್ಲಿ ಬೆರೆಯುತ್ತದೆ. ೧೯೭೪ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬವರು ೧೫೦ ಮಂದಿಗೆ ಮೋಟಾರು ಅಪಘಾತದ ಚಲನಚಿತ್ರವೊಂದನ್ನು ತೋರಿಸಿದರು. 'ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ ವೇಗವೆಷ್ಟಿತ್ತು?' ಎಂದು ೫೦ ಮಂದಿಯನ್ನು ಕೇಳಿದರು, 'ತಾಗಿದಾಗ ವೇಗವೆಷ್ಟಿತ್ತು?' ಎಂಬ ಅರ್ಥದ ಸೌಮ್ಯವಾದ ಪದವನ್ನು ಬಳಸಿ ಇನ್ನು ೫೦ ಮಂದಿಯನ್ನು ಕೇಳಿದರು. ಉಳಿದ ೫೦ ಮಂದಿಗೆ ವೇಗದ ಪ್ರಶ್ನೆಯನ್ನೇ ಹಾಕಲಿಲ್ಲ. ಒಂದು ವಾರದ ಮೇಲೆ, ಒಡೆದ ಗಾಜನ್ನು ಕಂಡಿರಾ ಎಂದು ಎಲ್ಲರನ್ನೂ ವಿಚಾರಿಸಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ ಮೊದಲನೆಯ ಗುಂಪಿನಲ್ಲಿ ೧೬ ಮಂದಿ, ಎರಡನೆಯದರಲ್ಲಿ ೭ ಮಂದಿ, ಮೂರನೆಯದರಲ್ಲಿ ೬ ಮಂದಿ ಕಂಡೆವೆಂದರು. ಒಂದು ಕ್ರಿಯಾಪದ ಇಲ್ಲದ ಗಾಜನ್ನು ಒಡೆಯಿತು!

ಇದರಿಂದ ಹುಡುಕುವವನು ಕಲಿಯಬೇಕಾದ ಮೊದಲನೆಯ ಪಾಠ ಇಷ್ಟು: ಯಾರನ್ನೂ ಕೇಳುವ ಮೊದಲು, ಯಾವ ಚಿತ್ರವನ್ನೂ ನೋಡುವ ಮೊದಲು, ನೆನಪಿರುವುದನ್ನೆಲ್ಲ ಬರೆದಿಟ್ಟುಕೊಳ್ಳಬೇಕು. ದಿನಾಂಕವನ್ನೂ ಹಾಕಬೇಕು. ಯಾವುದು ನಿಶ್ಚಯ, ಯಾವುದು ಸಂದೇಹ ಎಂದು ಗುರುತಿಸಬೇಕು. 'ಬೇಟೆಗಾರನ ಬೊಂಬೆ ಇತ್ತಲ್ಲವೆ?' ಎಂದು ಯಾರಾದರೂ ಒಮ್ಮೆ ಕೇಳಿಬಿಟ್ಟರೆ, ಮರುದಿನ ಅದು ನಮ್ಮದೇ ನೆನಪಾಗಿ ನಿಂತೀತು.

ಯಂತ್ರವೆಂಬ ಸಾಕ್ಷಿ

ನೆನಪು ಹೀಗೆ ಚಂಚಲವಾಗಿದ್ದರೆ ಅದನ್ನು ಒರೆಗೆ ಹಚ್ಚುವುದು ಹೇಗೆ? ಇಲ್ಲಿ ನಮ್ಮ ನೆರವಿಗೆ ಬರುವುದು ಹಳೆಯ ಯಂತ್ರಗಳ ಬಡತನ. ಇಂದಿನ ಗಣಕ ಲಕ್ಷಾಂತರ ಬಣ್ಣಗಳನ್ನು ತೋರಿಸಬಲ್ಲುದು, ಯಾವ ಧ್ವನಿಯನ್ನಾದರೂ ಹೊರಡಿಸಬಲ್ಲುದು. ಆದುದರಿಂದ ಅದರ ಚಿತ್ರವನ್ನು ನೋಡಿ ಯಂತ್ರ ಯಾವುದೆಂದು ಹೇಳಲಾಗದು. ೧೯೮೦ರ ದಶಕದ ಯಂತ್ರಗಳು ಹಾಗಲ್ಲ. ಒಂದೊಂದಕ್ಕೂ ಒಂದೊಂದು ಮಿತಿ. ಆ ಮಿತಿಯೇ ಅದರ ಬೆರಳಚ್ಚು.

೧೯೮೧ರಲ್ಲಿ ಬಂದ ಐಬಿಎಂ ಗಣಕದ ವರ್ಣಚಿತ್ರ ಫಲಕವು ಸಾಮಾನ್ಯವಾಗಿ ಒಮ್ಮೆಗೆ ನಾಲ್ಕೇ ಬಣ್ಣಗಳನ್ನು ತೋರುತ್ತಿತ್ತು. ಕಪ್ಪು, ಬಿಳಿ, ತಿಳಿನೀಲಿ, ಕಡುಗುಲಾಬಿ, ಇವು ಒಟ್ಟಿಗೆ ನೆನಪಿದ್ದರೆ ಶಂಕೆ ಆ ಯಂತ್ರದ ಕಡೆಗೆ ಹರಿಯಬೇಕು. ೧೯೭೭ರಲ್ಲಿ ಬಂದ ಆಪಲ್ ೨ ಯಂತ್ರವು ಸೂಕ್ಷ್ಮಚಿತ್ರಗಳಲ್ಲಿ ಆರು ಬಣ್ಣಗಳನ್ನು ಕೊಡುತ್ತಿತ್ತು: ಕಪ್ಪು, ಬಿಳಿ, ಹಸಿರು, ನೇರಳೆ, ಕಿತ್ತಳೆ, ನೀಲಿ. ಬ್ರಿಟನ್ನಿನಲ್ಲಿ ೧೯೮೨ರಲ್ಲಿ ಬಂದ ಸ್ಪೆಕ್ಟ್ರಮ್ ಯಂತ್ರದಲ್ಲಿ ಆಟಗಳನ್ನು ಟೇಪಿನ ಕ್ಯಾಸೆಟ್ಟಿನಿಂದ ತುಂಬಿಸಬೇಕಾಗಿತ್ತು. ತುಂಬುವಾಗ ಕೀರಲು ಧ್ವನಿ ಏಳುತ್ತಿತ್ತು. ಆಟದ ಹೆಸರನ್ನು ಮರೆತವನಿಗೂ ಆ ಕಿರುಚಾಟ ನೆನಪಿರುವುದುಂಟು.

ಈಗ ತಮ್ಮನ ಹಸಿರು ಪರದೆಗೆ ಬರೋಣ. ಆಟವೇ ಹಸಿರಾಗಿತ್ತೆ? ಆಗಿರಬೇಕಿಲ್ಲ. ಆ ದಿನಗಳಲ್ಲಿ ಅಗ್ಗವಾಗಿದ್ದ ಏಕವರ್ಣದ ಪರದೆಗಳು ಹಸಿರು ಬೆಳಕು ಬೀರುವ ವಸ್ತುವನ್ನು ಲೇಪಿಸಿದವು. ಎಷ್ಟೇ ಬಣ್ಣದ ಆಟವಾದರೂ ಅವುಗಳಲ್ಲಿ ಹಸಿರಾಗಿಯೇ ಕಾಣುತ್ತಿತ್ತು. ಆದ್ದರಿಂದ ಈ ನೆನಪು ಸತ್ಯವಾದರೂ ಅದು ಆಟದ ವಿಷಯದ ಸಾಕ್ಷ್ಯವಲ್ಲ, ಶಾಲೆಯ ಪರದೆಯ ವಿಷಯದ ಸಾಕ್ಷ್ಯ. ಸಾಕ್ಷಿಯ ಮಾತು ನಿಜವೆ ಎಂದು ಕೇಳುವುದರ ಜೊತೆಗೆ, ಅದು ಯಾವುದರ ಕುರಿತ ಮಾತು ಎಂದೂ ಕೇಳಬೇಕು.

ಸೋಸುವ ಲೆಕ್ಕ

ಕುರುಹುಗಳು ಕೈಗೆ ಬಂದ ಮೇಲೆ ಸೋಸುವ ಕೆಲಸ. ಒಂದು ಸಾವಿರ ಪಾಠದ ಆಟಗಳ ಪಟ್ಟಿ ನಮ್ಮ ಮುಂದಿದೆ ಎಂದು ಭಾವಿಸೋಣ. ಒಂದು ಕುರುಹು ಹತ್ತರಲ್ಲಿ ಒಂದು ಆಟಕ್ಕೆ ಮಾತ್ರ ಒಪ್ಪುವುದಾದರೆ ಪಟ್ಟಿ ನೂರಕ್ಕೆ ಇಳಿಯುತ್ತದೆ, ಅಂತಹುದೇ ಎರಡನೆಯ ಕುರುಹು ಅದನ್ನು ಹತ್ತಕ್ಕೆ ಇಳಿಸುತ್ತದೆ, ಮೂರನೆಯದು ಒಂದಕ್ಕೆ. ಮೂರೇ ಮೆಟ್ಟಿಲು! ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಕುರುಹುಗಳು ಒಂದನ್ನೊಂದು ಅವಲಂಬಿಸದೆ ಇದ್ದರೆ ಮಾತ್ರ ಈ ಗುಣಾಕಾರ ಸಲ್ಲುತ್ತದೆ. 'ಎತ್ತಿನ ಗಾಡಿ' ಮತ್ತು 'ಪಶ್ಚಿಮಕ್ಕೆ ಪ್ರಯಾಣ' ಎಂಬಿವು ಅಮೆರಿಕದ ವಲಸೆಯ ಕಥೆಯಲ್ಲಿ ಜೊತೆಜೊತೆಯಾಗಿಯೇ ಬರುವಂತಹವು. ಅವು ಎರಡಲ್ಲ, ಹೆಚ್ಚುಕಡಮೆ ಒಂದೇ. 'ಪದವನ್ನು ಒತ್ತಿ ಬೇಟೆಯಾಡುವುದು' ಎಂಬುದು ಬೇರೆಯೇ ಜಾತಿಯ ಕುರುಹು, ಆದಕಾರಣ ಬೆಲೆಯುಳ್ಳದ್ದು. ಕಥೆಗಿಂತ ಕೈ ಮಾಡಿದ ಕೆಲಸ ಹೆಚ್ಚು ಉಪಯುಕ್ತ ಕುರುಹಾಗುವುದು ಇದರಿಂದಲೇ.

ಹೀಗೆ ಸೋಸುತ್ತ ಹೋದರೆ ನಮ್ಮ ಅಕ್ಕ ತಮ್ಮಂದಿರು ತಲಪುವುದು 'ಆರೆಗಾನ್ ಟ್ರೇಲ್', ಎಂದರೆ ಆರೆಗಾನಿನ ಜಾಡು, ಎಂಬ ಆಟಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಸೌರಿಯ ಇಂಡಿಪೆಂಡೆನ್ಸ್ ಪಟ್ಟಣದಿಂದ ಆರೆಗಾನ್ ಪ್ರಾಂತಕ್ಕೆ ವಲಸೆಗಾರರು ಸುಮಾರು ೨,೦೦೦ ಮೈಲಿ, ಅಂದರೆ ೩,೨೦೦ ಕಿಲೋಮೀಟರುಗಳಷ್ಟು ದೂರ, ಗಾಡಿ ಹೊಡೆದುಕೊಂಡು ಹೋದ ದಾರಿ ಅದು. ಆಟಕ್ಕೆ ಅದೇ ವಸ್ತು.

ಒಂದು ಆಟ, ಹಲವು ಜನ್ಮ

ಈ ಆಟದ ಚರಿತ್ರೆ ಸ್ವಾರಸ್ಯವಾದದ್ದು. ೧೯೭೧ರಲ್ಲಿ ಡಾನ್ ರಾವಿಟ್ಷ್ ಎಂಬ ತರುಣನು ಮಿನಿಯಾಪೊಲಿಸ್ ನಗರದ ಶಾಲೆಯೊಂದರಲ್ಲಿ ಇತಿಹಾಸದ ಶಿಕ್ಷಕನಾಗಿ ತರಬೇತಿ ಪಡೆಯುತ್ತಿದ್ದನು. ವಲಸೆಯ ಪಾಠವನ್ನು ಹುಡುಗರಿಗೆ ಹಿಡಿಸುವಂತೆ ಕಲಿಸಬೇಕೆಂದು ಕಾಗದದ ಮೇಲೆ ನಕ್ಷೆ ಬರೆದು, ದಾಳ ಉರುಳಿಸಿ ಆಡುವ ಆಟವನ್ನು ಯೋಚಿಸಿದನು. ಅವನೊಡನೆ ವಾಸವಾಗಿದ್ದ ಬಿಲ್ ಹೈನೆಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಎಂಬವರು ಗಣಿತದ ಶಿಕ್ಷಣಾರ್ಥಿಗಳು; ಗಣಕದ ಬೇಸಿಕ್ ಭಾಷೆಯನ್ನು ಬಲ್ಲವರು. ಸುಮಾರು ಎರಡು ವಾರಗಳೊಳಗೆ ಆಟ ಗಣಕಕ್ಕೆ ಏರಿತು. ೧೯೭೧ರ ಡಿಸೆಂಬರ್ ೩ರಂದು ತರಗತಿಯಲ್ಲಿ ಅದನ್ನು ಮೊದಲಿಗೆ ಆಡಿಸಿದರು.

ಶಾಲೆಯಲ್ಲಿ ಗಣಕ ಇರಲಿಲ್ಲ. ಇದ್ದುದು ಟೆಲಿಪ್ರಿಂಟರ್ ಒಂದೇ. ಒತ್ತಿದ ಅಕ್ಷರಗಳು ದೂರವಾಣಿಯ ತಂತಿಯ ಮೂಲಕ ಬೇರೆಡೆಯಿದ್ದ ಗಣಕಕ್ಕೆ ಹೋಗುತ್ತಿದ್ದವು. ಉತ್ತರ ಅದೇ ದಾರಿಯಲ್ಲಿ ಮರಳಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. ಚಿತ್ರವಿಲ್ಲದ ಇಂತಹ ಯಂತ್ರದಲ್ಲಿ ಬೇಟೆ ಹೇಗೆ? 'ಬ್ಯಾಂಗ್' ಎಂಬ ಪದವನ್ನು ಹುಡುಗನು ಎಷ್ಟು ಬೇಗ, ಎಷ್ಟು ಸರಿಯಾಗಿ ಒತ್ತುತ್ತಾನೆಂದು ಗಣಕವು ಕಾಲವನ್ನು ಅಳೆಯುತ್ತಿತ್ತು. ಬೆರಳಿನ ಚುರುಕೇ ಗುರಿಕಾರನ ಚುರುಕು!

ಶಿಕ್ಷಣದ ಅವಧಿ ಮುಗಿಯಿತು. ಆಟವನ್ನು ಗಣಕದಿಂದ ಅಳಿಸಲಾಯಿತು. ಅಲ್ಲಿಗೆ ಕಥೆ ಮುಗಿಯಬಹುದಾಗಿತ್ತು. ಆದರೆ ಅಳಿಸುವ ಮುಂಚೆ ಕ್ರಮವಿಧಿಯ ಎಲ್ಲ ಸಾಲುಗಳನ್ನೂ ಕಾಗದದ ಮೇಲೆ ಅಚ್ಚುಹಾಕಿ ಇಟ್ಟುಕೊಂಡಿದ್ದರು. ೧೯೭೩ರಲ್ಲಿ ಆ ರಾಜ್ಯವು ಶಾಲೆಗಳಿಗೆ ಗಣಕದ ಸೌಕರ್ಯ ಒದಗಿಸಲು 'ಮೆಕ್' ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ೧೯೭೪ರಲ್ಲಿ ಅಲ್ಲಿ ಉದ್ಯೋಗಕ್ಕೆ ಸೇರಿದ ರಾವಿಟ್ಷ್ ಆ ಕಾಗದವನ್ನು ಹೊರತೆಗೆದು, ಅಕ್ಷರ ಅಕ್ಷರವಾಗಿ ಮತ್ತೆ ಗಣಕಕ್ಕೆ ಊಡಿಸಿದನು. ವಲಸೆಗಾರರ ದಿನಚರಿಗಳನ್ನು ಓದಿ, ಮಳೆ, ರೋಗ ಮುಂತಾದ ಘಟನೆಗಳು ಎಷ್ಟೆಷ್ಟು ಸಲ ಒದಗುತ್ತಿದ್ದವೆಂದು ಕಂಡುಕೊಂಡು, ಆಟದಲ್ಲಿ ಅವುಗಳ ಸಂಭಾವ್ಯತೆಯನ್ನು ತಿದ್ದಿದನು. ೧೯೭೫ರಿಂದ ಮಿನೆಸೋಟದ ಶಾಲೆಗಳು ತಂತಿಯ ಮೂಲಕ ಅದನ್ನು ಆಡಿದುವು. ೧೯೭೮ರಲ್ಲಿ 'ಕ್ರಿಯೇಟಿವ್ ಕಂಪ್ಯೂಟಿಂಗ್' ಎಂಬ ಪತ್ರಿಕೆಯಲ್ಲಿ ಕ್ರಮವಿಧಿ ಅಚ್ಚಾಯಿತು. ಅದರಲ್ಲಿ ಆಟಗಾರನ ಬಳಿ ೯೦೦ ಡಾಲರ್. ಗಾಡಿಗೆ ೨೦೦ ಕಳೆದು ಮಿಕ್ಕದ್ದು ೭೦೦. ಅಕ್ಕನ 'ಏಳುನೂರು' ಇದೇ.

ಅದೇ ೧೯೭೮ರಲ್ಲಿ ಮೆಕ್ ಸಂಸ್ಥೆ ಶಾಲೆಗಳಿಗಾಗಿ ೫೦೦ ಆಪಲ್ ೨ ಯಂತ್ರಗಳನ್ನು ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ೧೯೮೫ರಲ್ಲಿ ಫಿಲಿಪ್ ಬೂಷಾರ್ ಎಂಬವನ ನೇತೃತ್ವದಲ್ಲಿ ಆಟ ಆ ಯಂತ್ರಕ್ಕಾಗಿ ಹೊಸದಾಗಿಯೇ ರೂಪುಗೊಂಡಿತು. ಆಟಗಾರನು ಸಾಹುಕಾರ, ಬಡಗಿ, ರೈತ ಇವರಲ್ಲಿ ಒಬ್ಬನಾಗಬಹುದು, ಗಾಡಿಯವರಿಗೆ ಹೆಸರಿಡಬಹುದು, ಬೇಟೆಗಾರನ ಬೊಂಬೆಯನ್ನು ತಾನೇ ನಡೆಸಬಹುದು, ಸಮಾಧಿಯ ಮೇಲೆ ಬರೆಯಬಹುದು. ತಮ್ಮನು ಕಂಡದ್ದು ಇದನ್ನು.

ಜಗಳ ತೀರಿತು. ಅಕ್ಕನ ಮಾತೂ ನಿಜ, ತಮ್ಮನ ಮಾತೂ ನಿಜ. ಒಂದೇ ಹೆಸರಿನ ಆಟ ಹತ್ತು ವರ್ಷಗಳಲ್ಲಿ ಎರಡು ಅವತಾರ ತಾಳಿತ್ತು. ಒಂದು ಮಾತು ಮಾತ್ರ ಉಳಿಯಿತು: ಯಂತ್ರವು ಗಟ್ಟಿಯಾಗಿ ಓದಿತೆಂಬ ತಮ್ಮನ ನೆನಪು. ಆ ಆಟ ಸಣ್ಣ ರಾಗಗಳನ್ನು ನುಡಿಸುತ್ತಿತ್ತು, ಮಾತನಾಡುತ್ತಿರಲಿಲ್ಲ. ಓದಿದವನು ಪಕ್ಕದಲ್ಲಿ ಕುಳಿತಿದ್ದ ಸಹಪಾಠಿಯಾಗಿರಬೇಕು. ಕೇಳಿದ ಮಾತು ಉಳಿದು, ಅದನ್ನು ಆಡಿದವರು ಯಾರೆಂಬುದು ಅದಲುಬದಲಾಗುವುದು ನೆನಪಿನ ಸಾಮಾನ್ಯ ದೋಷಗಳಲ್ಲೊಂದು.

ಕಂಡರೆ ಗುರುತು

ನೆನಪಿಗೆ ಎರಡು ಶಕ್ತಿಗಳಿವೆ: ತಾನಾಗಿ ನೆನೆಯುವುದು ಒಂದು, ಕಂಡಾಗ ಗುರುತಿಸುವುದು ಇನ್ನೊಂದು. ಎರಡನೆಯದರ ಬಲ ಅಪಾರ. ೧೯೭೩ರಲ್ಲಿ ಲಯೊನೆಲ್ ಸ್ಟ್ಯಾಂಡಿಂಗ್ ಎಂಬ ಸಂಶೋಧಕನು ಒಂದೊಂದನ್ನು ಕೆಲವೇ ಸೆಕೆಂಡುಗಳಂತೆ ೧೦,೦೦೦ ಚಿತ್ರಗಳನ್ನು ತೋರಿಸಿ, ಆಮೇಲೆ ಹಳೆಯ ಚಿತ್ರವನ್ನು ಹೊಸದರ ಜೊತೆಯಲ್ಲಿಟ್ಟು ಯಾವುದನ್ನು ಕಂಡಿದ್ದಿರಿ ಎಂದು ಕೇಳಿದಾಗ, ನೂರಕ್ಕೆ ಸುಮಾರು ೮೩ ಉತ್ತರಗಳು ಸರಿಯಾಗಿದ್ದವು. ವರ್ಷಗಟ್ಟಲೆ ವರ್ಣಿಸಲಾರದೆ ತಡಕಾಡಿದವನು ಆಟದ ಒಂದು ಚಿತ್ರವನ್ನು ಕಂಡೊಡನೆ 'ಇದೇ!' ಎಂದು ಕೂಗುವುದಕ್ಕೆ ಕಾರಣ ಇದೇ. ಆ ಕೂಗನ್ನೂ ಮೊದಲೇ ಬರೆದಿಟ್ಟ ಟಿಪ್ಪಣಿಯೊಡನೆ ತಾಳೆ ನೋಡತಕ್ಕದ್ದು; ಏಕೆಂದರೆ ಗುರುತೂ ಒಮ್ಮೊಮ್ಮೆ ಮೋಸ ಮಾಡುತ್ತದೆ.

ಆದರೆ ಗುರುತಿಸಬೇಕಾದರೆ ಕಾಣಬೇಕು. ಕಾಣಬೇಕಾದರೆ ವಸ್ತು ಎಲ್ಲಿಯಾದರೂ ಉಳಿದಿರಬೇಕು. ಇಡೀ ಅನ್ವೇಷಣೆ ನಿಂತಿರುವುದು ಈ ಒಂದು ನಿಬಂಧನೆಯ ಮೇಲೆ. ಆಪಲ್ ೨ರ ಆಟಗಳು ಇದ್ದುದು ಫ್ಲಾಪಿ ಎಂಬ ಮೆದು ತಟ್ಟೆಗಳ ಮೇಲೆ. ಪ್ಲಾಸ್ಟಿಕ್ ಹಾಳೆಗೆ ಕಾಂತೀಯ ಆಕ್ಸೈಡನ್ನು ಲೇಪಿಸಿ ಮಾಡಿದ ತಟ್ಟೆಯ ಮೇಲೆ ೩೫ ವೃತ್ತಗಳು. ಒಂದೊಂದರಲ್ಲಿ ೧೬ ಖಂಡಗಳು. ಒಂದೊಂದು ಖಂಡದಲ್ಲಿ ೨೫೬ ಬೈಟುಗಳು. ಗುಣಿಸಿದರೆ ೧,೪೩,೩೬೦ ಬೈಟು. ಇಂದು ಕೈಫೋನಿನಲ್ಲಿ ತೆಗೆಯುವ ಒಂದು ಚಿತ್ರಕ್ಕೂ ಅಷ್ಟು ಸಾಲದು! ಕಾಲ ಕಳೆದಂತೆ ಲೇಪ ಸಡಿಲವಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಕಾಂತೀಯ ಗುರುತು ಕ್ಷೀಣಿಸುತ್ತದೆ. ಸಂರಕ್ಷಕರು ಈಗ ಇಂತಹ ತಟ್ಟೆಯನ್ನು ಓದುವಾಗ ಬೈಟುಗಳನ್ನಷ್ಟೇ ಅಲ್ಲದೆ, ಕಾಂತದ ದಿಕ್ಕು ಬದಲಾಗುವ ಪ್ರತಿಯೊಂದು ಸ್ಥಳದ ನಡುವಣ ಕಾಲಾಂತರವನ್ನೂ ದಾಖಲಿಸುತ್ತಾರೆ. ನಕಲು ಮಾಡದಂತೆ ಹಾಕಿದ ಬೀಗಗಳೂ ಆಗ ಮೂಲದಲ್ಲಿದ್ದಂತೆಯೇ ಉಳಿಯುತ್ತವೆ. ಅನಂತರ ಎಮ್ಯುಲೇಟರ್ ಎಂಬ ತಂತ್ರಾಂಶವು ಹಳೆಯ ಯಂತ್ರದ ಪ್ರತಿಯೊಂದು ಆಜ್ಞೆಯನ್ನೂ ಹೊಸ ಯಂತ್ರದಲ್ಲಿ ಅನುಕರಿಸಿ ಆಟವನ್ನು ಎಬ್ಬಿಸುತ್ತದೆ. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯು ೨೦೧೩ರಿಂದ ಇಂತಹ ಹಳೆಯ ತಂತ್ರಾಂಶಗಳನ್ನು ಅಂತರಜಾಲದಲ್ಲಿಯೇ ನಡೆಸಿ ನೋಡುವಂತೆ ಮಾಡಿದೆ.

ತಯಾರಿಸಿದವರನ್ನೇ ಕೇಳಬಾರದೆ ಎಂದರೆ, ಅವರು ಇದ್ದರೆ ತಾನೆ! ಮೆಕ್ ಸಂಸ್ಥೆ ೧೯೯೬ರಲ್ಲಿ ಬೇರೊಂದು ವ್ಯಾಪಾರಸಂಸ್ಥೆಯ ಪಾಲಾಗಿ, ೧೯೯೯ರಲ್ಲಿ ಬಾಗಿಲು ಮುಚ್ಚಿತು. ಅಂಗಡಿಯನ್ನು ನಂಬಿದರೂ ಫಲವಿಲ್ಲ. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕೆ ಹಿಂದೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ನೂರಕ್ಕೆ ೮೭ರಷ್ಟು ಮಾರಾಟಕ್ಕೆ ದೊರೆಯುತ್ತಿರಲಿಲ್ಲ.

ನಮ್ಮ ಮನೆಯ ಮಾತು

ಇದೆಲ್ಲ ದೂರದೇಶದ ಕಥೆಯೆಂದು ಓದುಗರು ತಿಳಿಯಬಾರದು. ಭಾರತದಲ್ಲಿ ೧೯೮೪ರಲ್ಲಿ ಆರಂಭವಾದ 'ಕ್ಲಾಸ್' ಎಂಬ ಯೋಜನೆ ಮೊದಲಿಗೆ ೨೫೦ ಶಾಲೆಗಳಿಗೆ ಬಿಬಿಸಿ ಮೈಕ್ರೊ ಎಂಬ ಗಣಕಗಳನ್ನು ಒದಗಿಸಿತು. ೨೦೦೦ದ ದಶಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಪಾಠದ ಆಟಗಳುಳ್ಳ ಸಿ.ಡಿ.ಗಳನ್ನು ಸಿದ್ಧಪಡಿಸಿ ಸರ್ಕಾರಿ ಶಾಲೆಗಳ ಮಕ್ಕಳಿಗೆ ಮುಟ್ಟಿಸಿತು. ಇಂದಿನ ಕಾಲೇಜು ವಿದ್ಯಾರ್ಥಿಗಳು ಬಾಲ್ಯದಲ್ಲಿ ಅಂತರಜಾಲದಲ್ಲಿ ಆಡಿದ ಪುಟ್ಟ ಆಟಗಳಲ್ಲಿ ಬಹಳಷ್ಟು 'ಫ್ಲ್ಯಾಶ್' ಎಂಬ ತಂತ್ರಾಂಶವನ್ನು ನೆಚ್ಚಿದ್ದವು. ೨೦೨೦ರ ಕೊನೆಗೆ ಅದರ ಪೋಷಣೆ ನಿಂತಿತು. ಫ್ಲ್ಯಾಶ್‌ಪಾಯಿಂಟ್ ಎಂಬ ಸಂಗ್ರಹದ ಸ್ವಯಂಸೇವಕರು ಮೊದಲೇ ಎಚ್ಚತ್ತು ಒಂದು ಲಕ್ಷಕ್ಕೂ ಮಿಕ್ಕ ಆಟಗಳನ್ನು ಉಳಿಸಿದರು. ಉಳಿಸದೆ ಹೋದವು ಹೋದವು.

ಕನ್ನಡದಲ್ಲಿ ಎಣಿಕೆ ಕಲಿಸಿದ, ಅಕ್ಷರ ಜೋಡಿಸಲು ಕಲಿಸಿದ ಒಂದು ಆಟವನ್ನು ಇನ್ನು ಇಪ್ಪತ್ತು ವರ್ಷಗಳ ಮೇಲೆ ಯಾರೋ ಒಬ್ಬರು ನೆನೆದುಕೊಂಡು ಹುಡುಕಲು ಹೊರಡಬಹುದು. ಅವರು ಎಷ್ಟೇ ಜಾಣತನದಿಂದ ಸೋಸಿದರೂ, ತಟ್ಟೆ ಉಳಿದಿರದಿದ್ದರೆ ಸೋಸಲು ಏನೂ ಇರುವುದಿಲ್ಲ. ಆದುದರಿಂದ ವಿದ್ಯಾರ್ಥಿಮಿತ್ರರು ತಮ್ಮ ಹಳೆಯ ಶಾಲೆಯ ಬೀರುವಿನಲ್ಲಿಯೊ ಮನೆಯ ಅಟ್ಟದಲ್ಲಿಯೊ ಅಂತಹ ತಟ್ಟೆಯನ್ನು ಕಂಡರೆ ಕಸವೆಂದು ಎಸೆಯದೆ, ಹೆಸರನ್ನೂ ವರ್ಷವನ್ನೂ ಬರೆದು, ಬಿಸಿಲು ತೇವ ತಾಗದಂತೆ ಇರಿಸಿ, ಬಲ್ಲವರ ಕೈಯಿಂದ ಪ್ರತಿ ತೆಗೆಸಿಡಬೇಕು. ಆರೆಗಾನಿನ ಜಾಡನ್ನು ಉಳಿಸಿದ್ದು ದೊಡ್ಡ ಯಂತ್ರವಲ್ಲ. ಒಬ್ಬ ಶಿಕ್ಷಕನು ಎಸೆಯದೆ ಮಡಿಸಿಟ್ಟ ಒಂದು ಕಾಗದದ ಸುರುಳಿ.